ಇಜ್ಜಿ ಎಂದು ಓಡಿದವಳು

ನಮ್ಮ ಮನೆತನದ ಹೆಂಗಸರು ರಸ್ತೆಯಲ್ಲಿ ಓಡುವವರಲ್ಲ. ಬಸ್ಸು ಹಿಡಿಯಲಿಕ್ಕೂ ಓಡುವುದಿಲ್ಲ; ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನಿಧಾನವಾಗಿ ನಡೆದುಬರುತ್ತಾರೆ, ಬಸ್ಸು ಕಾಯುತ್ತದೆ. ಅಂಥವರಲ್ಲಿ ಒಬ್ಬಳು ಓಡಿದಳೆಂದರೆ ಯಾರೋ ಆಸ್ಪತ್ರೆಯಲ್ಲಿದ್ದಾರೆ ಎಂದರ್ಥ, ಇಲ್ಲವೇ ಆಸ್ಪತ್ರೆಯ ಕೆಲಸವೂ ಮುಗಿದಿದೆ ಎಂದರ್ಥ. ಐವತ್ತರ ಹೊಸ್ತಿಲಲ್ಲಿ ಓಡಲು ಶುರುಮಾಡುವ ಮೊದಲು ನಾನು ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕಿತ್ತು.

ಕಾರಣ ಸಕ್ಕರೆ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಕೂತು ಬಿಲ್ಲು ಮಾಡುವುದು ನನ್ನ ಕೆಲಸ. ಕೂತಲ್ಲೇ ಬಂದು ಸೇರಿಕೊಂಡಿತ್ತು. "ಬಾರ್ಡರಿನಲ್ಲಿ ಉಂಟು. ಆರು ತಿಂಗಳು ಟೈಮ್ ಕೊಡ್ತೇನೆ. ಇಳಿಸಿಕೊಂಡು ಬಂದರೆ ಬಚಾವ್, ಇಲ್ಲದಿದ್ದರೆ ಮಾತ್ರೆ" ಎಂದರು ಡಾಕ್ಟರು, ಪರೀಕ್ಷೆಗೆ ಓದಲು ಬಿಟ್ಟ ಮಾಸ್ತರರ ಧಾಟಿಯಲ್ಲಿ.

ಮಾತ್ರೆಯ ಹೆದರಿಕೆ ನನಗಿರಲಿಲ್ಲ. ಹೆದರಿಕೆ ಇದ್ದದ್ದು ಕಾಲಿನ ಬಗ್ಗೆ. ನನ್ನ ಅಮ್ಮನಿಗೂ ಸಕ್ಕರೆ ಇತ್ತು. ಒಂದು ದಿನ ಅಂಗಳದಲ್ಲಿ ಅವಳ ಕಾಲಿಗೆ ಮುಳ್ಳು ಹೊಕ್ಕಿತು. ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನೆಲದ ಮೇಲೆ ರಕ್ತದ ಗುರುತು ಕಂಡಾಗ. ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದ, ಆಮೇಲೆ ಅಮ್ಮ. ಆದ್ದರಿಂದ ಡಾಕ್ಟರ ಕೋಣೆಯಿಂದ ಹೊರಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಚಪ್ಪಲಿಯೊಳಗೆ ಬೆರಳುಗಳನ್ನು ಅಲ್ಲಾಡಿಸಿ ನೋಡಿದ್ದು. ಹತ್ತೂ ಅಲ್ಲಾಡಿದವು. ಇವನ್ನು ಉಳಿಸಿಕೊಳ್ಳಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಸಕ್ಕರೆ ಬಂದಿದೆ ಎಂದು ಒಬ್ಬರಿಗೆ ಹೇಳಿದರೆ ಸಾಕು, ಸಂಜೆಯೊಳಗೆ ಮನೆಗೆ ಹಾಗಲಕಾಯಿ ಬರುತ್ತದೆ, ನೇರಳೆ ಬೀಜದ ಪುಡಿ ಬರುತ್ತದೆ, ಹಿಂದೆಯೇ ಕನಿಕರ ಬರುತ್ತದೆ. ಮೊದಲ ಎರಡನ್ನು ನುಂಗಬಹುದು. ಗಂಡ ಗಲ್ಫಿನಲ್ಲಿ, ಅವನಿಗೂ ಹೇಳಲಿಲ್ಲ. ಮನೆಯಲ್ಲಿ ನನ್ನ ಜೊತೆ ಇರುವುದು ಅತ್ತೆ. ಎಂಬತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ನನಗಿಂತ ಗಟ್ಟಿ. ಅಂಗಡಿಯಲ್ಲಿ ನನ್ನ ಅಳತೆಗೆ ಉಳಿದಿದ್ದ ಶೂ ಗಿಳಿಹಸಿರು ಬಣ್ಣದ್ದೊಂದೇ. ನವರಾತ್ರಿಯ ಮಾರ್ನೆಮಿ ವೇಷದವರನ್ನು ನೋಡುವ ಹಾಗೆ ಅತ್ತೆ ಅದನ್ನು ನೋಡಿ, "ಮಾರ್ನೆಮಿಗೆ ಇನ್ನೂ ತಿಂಗಳುಗಟ್ಟಲೆ ಉಂಟಲ್ಲ, ಈಗಲೇ ಎಂತ ವೇಷ?" ಎಂದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾವು ಮನೆಯಲ್ಲಿ ಆಡುವುದೆಲ್ಲ ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅತ್ತೆಯ ಮಾತಿನ ಖಾರ ಎಲ್ಲಿಯಾದರೂ ಕಡಿಮೆ ಅನಿಸಿದರೆ ಅದು ನನ್ನ ಕನ್ನಡದ ತಪ್ಪು, ಅವರದ್ದಲ್ಲ.

ಜೆಪ್ಪುವಿನಲ್ಲಿ ಮುಂಜಾನೆ ಓಡುವವಳಿಗೆ ಮೊದಲ ಶತ್ರು ಒಳ್ಳೆಯತನ. ಎರಡನೆಯ ದಿನವೇ ಸಿಟಿ ಬಸ್ಸೊಂದು ನನ್ನ ಪಕ್ಕದಲ್ಲಿ ಗಕ್ಕನೆ ನಿಂತಿತು. ಕಂಡಕ್ಟರ್ ಅರ್ಧ ಹೊರಗೆ ಬಾಗಿ, "ಬಲೆ ಬಲೆ ಅಕ್ಕ, ಬೇಗ ಬಲೆ" ಎಂದು ಬರಹೇಳಿ ಕೈ ಚಾಚಿದ. ಬೇಡ ಎಂದೆ. "ಅಷ್ಟು ದೂರದಿಂದ ಓಡಿಕೊಂಡು ಬಂದದ್ದು ಕನ್ನಡಿಯಲ್ಲಿ ಕಂಡೇ ನಿಲ್ಲಿಸಿದ್ದು ಮಾರಾಯ್ರೆ!" ಎಂದು ಡ್ರೈವರ್ ಬೇಸರಪಟ್ಟ. ಒಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಾಗಿ ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಓಡೋಣ ಎಂದರೆ ಎದುರಿನಿಂದ ಬಂದ ಬಸ್ಸೂ ನಿಂತಿತು.

ಮತ್ತೆ "ದೂರವಾ?" ಎನ್ನುವವರು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ನಮ್ಮ ಹಿರಿಯರು ಹಾಗೆ ಕೇಳುವುದಿಲ್ಲ. ದೂರವಾ ಎಂದು ಕೇಳುತ್ತಾರೆ. ಅದಕ್ಕೆ ಇಲ್ಲೇ ಎಂದರೆ ಮುಗಿಯಿತು. ನಾನು ಮಾತ್ರ ಓಡುತ್ತ ಓಡುತ್ತ, "ಪಂಪ್‌ವೆಲ್ ಆಗಿ ನಂತೂರು, ಅಲ್ಲಿಂದ ಬಿಕರ್ನಕಟ್ಟೆ" ಎಂದು ನಿಜ ಹೇಳಿದೆ. ಕೇಳಿದ ಅಜ್ಜ, "ಅಷ್ಟು ದೂರಕ್ಕೆ ಆಟೋ ಮಾಡಬಾರದಾ ಮಗಾ?" ಎಂದು ಆಟೋವನ್ನು ತಾವೇ ಕೂಗಿ ಕರೆದರು.

ಇವೆಲ್ಲ ಸಣ್ಣ ಮೀನು. ದೊಡ್ಡ ಮೀನು ಬಂಧುಬಳಗ. ಮಂಗಳೂರಿನಲ್ಲಿ ಯಾವ ದಿಕ್ಕಿಗೆ ಓಡಿದರೂ ನನಗೆ ಒಬ್ಬ ಅತ್ತಿಗೆ ಸಿಗುತ್ತಾಳೆ. ಮಾರ್ನಮಿಕಟ್ಟೆಯಲ್ಲಿ ಸೋದರಮಾವನ ಮನೆ, ವೆಲೆನ್ಸಿಯಾದಲ್ಲಿ ನಾದಿನಿ, ನಂತೂರಿನಲ್ಲಿ ಗಂಡನ ಚಿಕ್ಕಪ್ಪ, ಕಂಕನಾಡಿಯಲ್ಲಿ ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ. ನೆಂಟರ ಗೇಟಿನ ಎದುರು ಹಾದುಹೋಗಿ ಒಳಗೆ ಬಾರದಿದ್ದರೆ ಅದು ಜಗಳಕ್ಕೆ ಸಮ. ಒಳಗೆ ಹೋದರೆ ಬಾಯಾರಿಕೆಗೆಂದು ಬೆಲ್ಲ ಮತ್ತು ನೀರು ಬರುತ್ತದೆ. ಬೆಲ್ಲದ ಹಿಂದೆ ಚಾ, ಚಾದ ಹಿಂದೆ ತಿಂಡಿ. ದೊಡ್ಡಮ್ಮನ ಕೈಯ ಬನ್ಸ್ ಅಂತೂ, ಬಾಳೆಹಣ್ಣು ಜಾಸ್ತಿ ಹಾಕಿ ಉಬ್ಬಿಸಿದ್ದು, ಬಾಯಿಗಿಟ್ಟರೆ ಡಾಕ್ಟರ ಮುಖವೇ ಮರೆತುಹೋಗುತ್ತದೆ.

ಓಡುತ್ತೇನೆ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ನೆಂಟರ ಮನೆ ಹತ್ತಿರ ಬಂದಾಗ ಓಟ ನಿಲ್ಲಿಸಿ, ಬೆವರು ಒರೆಸಿಕೊಂಡು, ವಾಕಿಂಗ್ ಬಂದವಳ ಮುಖ ಹಾಕುತ್ತಿದ್ದೆ. ಬೆಲ್ಲ ತಿಂದು ಹೊರಟು, ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ಓಟ, ಮುಂದಿನ ನೆಂಟರವರೆಗೆ. ಮೂರು ತಿಂಗಳು ಹೀಗೆ ಬೆವರು ಹರಿಸಿ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಏರಿತ್ತು. ತೂಕವೂ ಏರಿತ್ತು. ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. "ನೀವು ಓಡ್ಲಿಕ್ಕೆ ಹೋಗ್ತೀರಾ ಇಲ್ಲ ಮದುವೆಗೆ ಹೋಗ್ತೀರಾ?"

ಅಂದು ರಾತ್ರಿ ಊಟ ಸೇರಲಿಲ್ಲ. ಅಮ್ಮನ ನೆನಪಾಗಿ ಅಳು ಬಂತು. ಮಾರನೆಯ ದಿನ ಅಳು ಹೋಗಿ ಸಿಟ್ಟು ಬಂತು. ನೆಂಟರಿಲ್ಲದ ದಾರಿಯನ್ನು ಹುಡುಕಲೇಬೇಕು ಎಂದು ಹೊರಟೆ.

ಹುಟ್ಟಿದಂದಿನಿಂದ ಇದ್ದ ಊರನ್ನು ನಾನು ಮೊದಲ ಸಲ ನೋಡಿದ್ದು ಆಗ. ಅಲ್ಲಿಯವರೆಗೆ ನನ್ನ ಊರೆಂದರೆ ಬಸ್ಸಿನ ಕಿಟಕಿಯಲ್ಲಿ ಕಾಣುವ ಊರು, ಮದುವೆ ಹಾಲ್‌ಗಳ ಊರು. ಈಗ ಮಹಾಕಾಳಿಪಡ್ಪುವಿನ ಕಡೆಗೆ ಇಳಿದು ರೈಲ್ವೆ ಹಳಿಯ ಆಚೆ ಹೋದರೆ ನೇತ್ರಾವತಿ. ಬೆಳಗಿನ ಹೊತ್ತು ನೀರು ಅಲ್ಲಾಡುತ್ತಲೇ ಇರಲಿಲ್ಲ. ದೋಣಿಯವರು ನನ್ನನ್ನು ನೋಡಿ ಒಮ್ಮೆ ತಲೆ ಎತ್ತಿ ಮತ್ತೆ ಬಲೆ ಬಿಡಿಸುತ್ತ ಕೂತರು. ದೂರವಾ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಸುಖ ನಾನು ತವರುಮನೆಯಲ್ಲೂ ಕಂಡಿರಲಿಲ್ಲ. ಶೂವಿನೊಳಗೆ ಸಣ್ಣ ಕಲ್ಲೊಂದು ಹೊಕ್ಕು ಚುಚ್ಚುತ್ತಿತ್ತು. ತೆಗೆಯಲಿಲ್ಲ. ಚುಚ್ಚುವುದು ಗೊತ್ತಾಗುತ್ತದಲ್ಲ ಎಂಬ ಸಂತೋಷದಲ್ಲಿ ಹಾಗೇ ಓಡಿದೆ.

ನದಿಯ ದಾರಿ ಸಪಾಟು. ಏರು ಬೇಕಾದ ದಿನ ಬಿಕರ್ನಕಟ್ಟೆಯ ಕಡೆಗೆ ಹೋಗುತ್ತಿದ್ದೆ. ವೆಲೆನ್ಸಿಯಾದಲ್ಲಿ ನಾದಿನಿ ಏಳುವ ಮೊದಲೇ ದಾಟಿಬಿಡುವುದು. ಕಂಕನಾಡಿಯಲ್ಲಿ ದೊಡ್ಡಮ್ಮನ ಮನೆಯ ಹಿಂದೆ ಒಂದು ಓಣಿ ಉಂಟು, ಎರಡು ಕಂಪೌಂಡುಗಳ ನಡುವೆ, ಒಬ್ಬರು ಹೋಗುವಷ್ಟೇ ಅಗಲ. ಅಲ್ಲಿ ನುಸುಳಿ ಪಂಪ್‌ವೆಲ್ಲಿಗೆ ಇಳಿದು ನಂತೂರಿನ ಏರು ಹತ್ತಿದರೆ ಬಿಕರ್ನಕಟ್ಟೆಯ ಬಾಲಯೇಸುವಿನ ಗುಡಿ. ಅಲ್ಲಿಯವರೆಗೆ ನಿಲ್ಲದೆ ಓಡಿದ ಮೊದಲ ದಿನ ಮೆಟ್ಟಿಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಮೋಂಬತ್ತಿ ಹಿಡಿದುಕೊಂಡು ಬಂದ ಒಬ್ಬರು ಕ್ರೈಸ್ತ ಬಾಯಮ್ಮ ನನ್ನ ಹತ್ತಿರ ನಿಂತರು.

"ಓಡಿಕೊಂಡು ಬರುವ ಹರಕೆ ನಾನು ಈಗಲೇ ನೋಡುವುದು. ಎಂತದಕ್ಕೆ ಹೇಳಿಕೊಂಡದ್ದು?"

"ಸಕ್ಕರೆಗೆ" ಎಂದುಬಿಟ್ಟೆ.

"ನನಗೂ ಉಂಟು" ಎಂದರು ಅವರು, ಒಂದು ಮೋಂಬತ್ತಿ ನನಗೂ ಕೊಟ್ಟರು. ಸ್ವಂತದವರಿಗೆ ಹೇಳದ್ದನ್ನು ದಾರಿಯಲ್ಲಿ ಸಿಕ್ಕಿದವರಿಗೆ ಹೇಳಿ ಹಗುರಾಗಿ ಮನೆಗೆ ಬಂದೆ.

ಆರು ತಿಂಗಳ ಗಡುವು ಮುಗಿಯುತ್ತ ಬಂದಿತ್ತು. ಪರೀಕ್ಷೆಗೆ ಮೊದಲಿನ ಆ ಕೊನೆಯ ವಾರದಲ್ಲಿ ಒಂದು ದಿನ ಕಂಕನಾಡಿಗೆ ಬಂದು ನೋಡುತ್ತೇನೆ, ನನ್ನ ಓಣಿಯನ್ನು ಅಗೆದು ಹಾಕಿದ್ದಾರೆ. ಮಂಗಳೂರಿನಲ್ಲಿ ರಸ್ತೆ ಅಗೆಯುವವರಿಗೆ ಯಾರ ಗುಟ್ಟೂ ಲೆಕ್ಕಕ್ಕಿಲ್ಲ. ಉಳಿದದ್ದು ದೊಡ್ಡಮ್ಮನ ಗೇಟಿನ ಎದುರಿನ ರಸ್ತೆ ಮಾತ್ರ. ನಿಂತರೆ ಬನ್ಸ್. ಕಣ್ಣುಮುಚ್ಚಿ ಓಡಿಬಿಡುವುದು ಎಂದು ವೇಗ ಹೆಚ್ಚಿಸಿದೆ.

ದೊಡ್ಡಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ, ಕೆದರಿದ ತಲೆಯಲ್ಲಿ, ಬೆವರು ಸುರಿಸಿಕೊಂಡು ಆಸ್ಪತ್ರೆಗಳ ದಿಕ್ಕಿಗೆ ಓಡುತ್ತಿರುವ ತಂಗಿಯ ಮಗಳು ಅವರ ಕಣ್ಣಿಗೆ ಬಿದ್ದಳು. ಕೈಯ ಚೆಂಬು ಕೆಳಗೆ ಬಿತ್ತು.

"ಮಗಾ! ಎಂತ ಆಯ್ತು? ನಿನ್ನ ಅತ್ತೆ ಹುಷಾರಿದ್ದಾರಾ?"

ನನಗೆ ಉಸಿರಿರಲಿಲ್ಲ. ಏನೂ ಆಗಿಲ್ಲ ಎನ್ನಲು ಎರಡು ಕೈಗಳನ್ನೂ ಗಾಳಿಯಲ್ಲಿ ಆಡಿಸಿ, ಸಿಕ್ಕಿದ ಅರ್ಧ ಉಸಿರಿನಲ್ಲಿ "ಇಜ್ಜಿ... ಇಜ್ಜಿ..." ಎಂದೆ. ಎಂದು ಓಡಿಯೇಬಿಟ್ಟೆ.

ಇಜ್ಜಿ ಎಂದರೆ ಇಲ್ಲ. ಏನೂ ಇಲ್ಲ ಎಂಬುದಕ್ಕೂ ಅದೇ, ಇನ್ನಿಲ್ಲ ಎಂಬುದಕ್ಕೂ ಅದೇ. ದೊಡ್ಡಮ್ಮ ಎರಡನೆಯದನ್ನು ಆರಿಸಿಕೊಂಡರು. ನಾನು ಪಂಪ್‌ವೆಲ್ ಮುಟ್ಟುವ ಮೊದಲು ಅವರ ಫೋನು ನಂತೂರು ಮುಟ್ಟಿತ್ತು.

ಮುಂದಿನದ್ದು ನನಗೆ ಆಮೇಲೆ ತಿಳಿದದ್ದು. ನನ್ನ ಮೊಬೈಲು ಮನೆಯಲ್ಲೇ ಇತ್ತು. ದೂರದ ಸಂಬಂಧದ ಬಾವ ಒಬ್ಬರು ಅದಕ್ಕೆ ಫೋನ್ ಮಾಡಿದರು. ಎತ್ತಿದವರು ಅತ್ತೆ. ಬಾವನಿಗೆ ಅತ್ತೆಯ ಧ್ವನಿಯ ಗುರುತಿಲ್ಲ. ಯಾರೋ ನೆರೆಮನೆಯ ಅಜ್ಜಿ ಎಂದುಕೊಂಡು, ಸುದ್ದಿ ಕೇಳಿತು, ಬಾಡಿ ಎಷ್ಟು ಹೊತ್ತಿಗೆ ಬರ್ತದೆ ಎಂದು ಮೆಲ್ಲಗೆ ಕೇಳಿದರು. ಅತ್ತೆಯ ಕಿವಿಗೆ ಬಾಡಿ ಗಾಡಿಯಾಗಿ ಬಿತ್ತು. ನಮ್ಮಲ್ಲಿ ಗಾಡಿ ಎಂದರೆ ಮೀನಿನ ಗಾಡಿ.

"ಎಂಟು ಗಂಟೆಗೆ ಬರ್ತದೆ" ಎಂದರು ಅತ್ತೆ. "ಸೀದಾ ಗೇಟಿನ ಎದುರೇ ನಿಲ್ತದೆ. ಬರುವುದಾದರೆ ಬೇಗ ಬನ್ನಿ. ಬಿಸಿಲು ಬಿದ್ದ ಮೇಲೆ ಇಡ್ಲಿಕ್ಕೆ ಆಗುವುದಿಲ್ಲ."

ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಬಾವ ಎಲ್ಲರಿಗೂ ತಿಳಿಸಿದರು. ಅತ್ತೆ ಫೋನ್ ಇಟ್ಟು, ತಲೆಗೆ ಎಣ್ಣೆ ಹಾಕಿಕೊಂಡು, ಹಿತ್ತಿಲಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಎಣ್ಣೆಸ್ನಾನ ಸುಲಭಕ್ಕೆ ಮುಗಿಯುವಂಥದ್ದಲ್ಲ.

ನಾನು ಮರಳಿ ಬಂದಾಗ ಗೇಟಿನ ಹೊರಗೆ ಚಪ್ಪಲಿಯ ರಾಶಿ. ಅಂಗಳದಲ್ಲಿ ಬಿಳಿ ಮುಂಡು ಉಟ್ಟ ಗಂಡಸರು, ಚಾವಡಿಯಲ್ಲಿ ಸೆರಗು ಬಾಯಿಗಿಟ್ಟ ಹೆಂಗಸರು. ಆರೋಗ್ಯವಾಗಿದ್ದ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ನಾನು ಬಿಕರ್ನಕಟ್ಟೆಗೆ ಓಡಿದ್ದೆ. "ಅಯ್ಯೋ ಅತ್ತೇ" ಎಂದು ಕಿರುಚಿ ಅಂಗಳದಲ್ಲೇ ಕುಸಿದೆ. ನಾದಿನಿ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ಅತ್ತದ್ದು ನಾನು ಹೇಳಿದ ಸುದ್ದಿಗೆ, ನಾನು ಅತ್ತದ್ದು ಅವಳು ಅಳುತ್ತಿದ್ದುದಕ್ಕೆ.

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿತು. ಬಾವ, "ಬಂತು" ಎಂದರು. ಎಲ್ಲರೂ ಎದ್ದುನಿಂತರು. ಇಬ್ಬರು ಹೋಗಿ ಗೇಟನ್ನು ಪೂರ್ತಿ ತೆರೆದರು. ಗಂಡಸರು ಎರಡು ಸಾಲಾಗಿ ನಡುವೆ ದಾರಿ ಬಿಟ್ಟು ತಲೆ ತಗ್ಗಿಸಿದರು.

ಆ ದಾರಿಯಲ್ಲಿ, ಮನೆಯ ಹಿಂದಿನಿಂದ, ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು, ಕೈಯಲ್ಲಿ ಸ್ಟೀಲಿನ ಬೋಗುಣಿ ಹಿಡಿದುಕೊಂಡು ಅತ್ತೆ ಬಂದರು. ಎರಡೂ ಬದಿ ನೋಡಿದರು.

"ಓ, ಇಷ್ಟು ಜನ ಬಂದಿರಾ? ಮೊದಲೇ ಹೇಳುವುದಲ್ಲವಾ. ಬಂಗುಡೆ ಸಾಕಾಗ್ತದಾ ಇಲ್ಲವಾ ಈಗ!"

ಗೇಟಿನ ಎದುರು ಗಾಡಿಯವನು, "ಬಂಗುಡೆ, ಬೂತಾಯಿ, ತಾಜಾ ಉಂಟು" ಎಂದು ಕೂಗಿದ.

ಒಬ್ಬ ಹೆಂಗಸು ಕಂಬ ಹಿಡಿದು ಕೂತಳು. ಬಾವ ಅಂಗಳದ ತುಳಸಿಯನ್ನು ನೋಡುತ್ತ ನಿಂತರು. ನಾನು ನೆಲದಲ್ಲಿ ಕೂತಲ್ಲಿಂದಲೇ ಅತ್ತೆಯ ಕಾಲು ಹಿಡಿದುಕೊಂಡೆ. "ಇವಳಿಗೆ ಎಂತ ಆಯ್ತು? ಓಡಿ ಓಡಿ ತಲೆಗೆ ಹತ್ತಿತಾ?" ಎಂದರು ಅತ್ತೆ. ಒಳಗೆ ಮೊಬೈಲು ರಿಂಗಾಯಿತು. ಗಲ್ಫಿನಿಂದ ಗಂಡ, ಯಾರೋ ನಿದ್ದೆಯಿಂದ ಎಬ್ಬಿಸಿ ತಿಳಿಸಿದ್ದರು, ಟಿಕೆಟ್ ಹುಡುಕುತ್ತಿದ್ದ. ವಿಷಯ ತಿಳಿದ ಅತ್ತೆ ಫೋನ್ ಕಸಿದುಕೊಂಡು, "ಸತ್ತರೆ ನಾನೇ ಫೋನ್ ಮಾಡಿ ಹೇಳ್ತೇನೆ. ಈಗ ಮಲಗು" ಎಂದು ಇಟ್ಟರು.

ಆಮೇಲೆ ವಿಚಾರಣೆ. ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ, ದೊಡ್ಡಮ್ಮನ ಕಣ್ಣು ನನ್ನ ಮೇಲೆ. "ನೀನು ಇಜ್ಜಿ ಎಂದದ್ದು ಹೌದಾ ಅಲ್ಲವಾ?" ಎಂದು ಗುಡುಗಿದರು. ಹೌದು ಎಂದೆ. "ಏನೂ ಆಗದಿದ್ದರೆ ಹೆಂಗಸರು ಯಾಕೆ ಓಡುವುದು? ನನ್ನ ಗೇಟು ದಾಟಿ ಹೋಗುವಂಥದ್ದು ಎಂತ ಇತ್ತು ನಿನಗೆ? ನನ್ನ ಮುಖ ನೋಡಬಾರದು ಅಂತವಾ?"

ಅವಮಾನಕ್ಕಿಂತ ಹೆಚ್ಚು ನೋವಾಗಿತ್ತು ಅವರಿಗೆ. ಸುಳ್ಳು ಹೇಳಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಸಕ್ಕರೆ ಬಂದಿದೆ, ಇಳಿಸಲಿಕ್ಕೆ ಓಡುತ್ತಿದ್ದೇನೆ, ನಿಮ್ಮ ಬನ್ಸಿಗೆ ಹೆದರಿ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದೆ ಎಂದು ಎಲ್ಲರ ಎದುರಿಗೇ ಹೇಳಿದೆ.

ದೊಡ್ಡಮ್ಮ ನನ್ನ ಗಿಳಿಹಸಿರು ಶೂಗಳನ್ನೇ ನೋಡಿದರು. "ನಿನ್ನ ಅಮ್ಮನ ಹಾಗೆಯಾ?" ಎಂದರು. ಬಂದವರೆಲ್ಲ ಬಂಗುಡೆ ಸಾರು ಉಂಡು ಹೋದರು. ದೊಡ್ಡಮ್ಮ ಮಾತ್ರ ನೀರನ್ನೂ ಕುಡಿಯದೆ ಆಟೋ ಹತ್ತಿದರು.

ಹಾಗಲಕಾಯಿ ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದದ್ದು ಬೇರೆ. ಮಾರನೆಯ ಬೆಳಿಗ್ಗೆ ಮಾರ್ನಮಿಕಟ್ಟೆಯಲ್ಲಿ ಮಾವ ಲುಂಗಿ ಎತ್ತಿಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದರು. ಅಭ್ಯಾಸಬಲದಿಂದ ನಿಲ್ಲಲು ಹೋದೆ. "ನಿಲ್ಲಬೇಡ, ನಿಲ್ಲಬೇಡ! ದೊಡ್ಡಮ್ಮನ ಆರ್ಡರ್ ಉಂಟು" ಎಂದು ಗೇಟು ಮುಚ್ಚಿದರು. ವೆಲೆನ್ಸಿಯಾದಲ್ಲಿ ನಾದಿನಿ ಕಿಟಕಿಯಿಂದಲೇ, "ಓಡಿ ಅತ್ತಿಗೆ" ಎಂದು ಕೂಗಿ ಹಲ್ಲುಜ್ಜತೊಡಗಿದಳು. ನಂತೂರಿನ ಏರಿನಲ್ಲಿ ಉಸಿರು ಕಟ್ಟಿ ಸ್ವಲ್ಪ ನಡೆದರೆ, ಮನೆ ಮುಟ್ಟುವಷ್ಟರಲ್ಲಿ ಅತ್ತೆಗೆ ವರದಿ ಬಂದಿರುತ್ತಿತ್ತು. "ನಂತೂರಿನಲ್ಲಿ ನಡೆದದ್ದಂತೆ ನೀನು? ಚಿಕ್ಕಪ್ಪ ನೋಡಿದ್ದಾರೆ." ತಪ್ಪಿಸಿಕೊಂಡು ತಿರುಗುತ್ತಿದ್ದ ದಾರಿಗಳಲ್ಲೆಲ್ಲ ಈಗ ಕಾವಲು. ಕಂಕನಾಡಿಯ ಗೇಟು ಮಾತ್ರ ದಿನವೂ ಮುಚ್ಚಿರುತ್ತಿತ್ತು, ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ. ಅದನ್ನು ದಾಟುವಾಗ ನನಗೆ ಅಳು ಬರುತ್ತಿತ್ತು. ದೊಡ್ಡಮ್ಮನ ಸಿಟ್ಟು ನಾನು ತಾಳಬಲ್ಲೆ, ಅವರ ಮುಚ್ಚಿದ ಗೇಟನ್ನಲ್ಲ.

ಪರೀಕ್ಷೆಯಾಯಿತು. "ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ" ಎಂದರು ಡಾಕ್ಟರು. ಅಲ್ಲಿಂದ ಸೀದಾ ಕಂಕನಾಡಿಗೆ ಹೋಗಿ ದೊಡ್ಡಮ್ಮನ ಗೇಟು ಬಡಿದೆ.

ಅವರು ಬಂದರು. ಗೇಟು ತೆರೆದರು, ಒಳಗೆ ಬಾ ಎನ್ನಲಿಲ್ಲ. ನಾನು ಡಾಕ್ಟರ ಕಾಗದ ಚಾಚಿದೆ. ಅದನ್ನು ಕಣ್ಣೆತ್ತಿಯೂ ನೋಡದೆ, "ಶೂ ಬಿಚ್ಚು" ಎಂದರು.

ನೆಲದಲ್ಲಿ ಕೂತು ಬಿಚ್ಚಿದೆ. ಎಂಬತ್ತರ ಹತ್ತಿರದ ಹೆಂಗಸು ಗೇಟಿನ ಸರಳು ಹಿಡಿದುಕೊಂಡು, ಮೆಲ್ಲಗೆ, ರಸ್ತೆಯಲ್ಲೇ ನನ್ನ ಎದುರು ಕೂತರು. ನನ್ನ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬೇಡ ದೊಡ್ಡಮ್ಮ, ಜನ ನೋಡ್ತಾರೆ ಎಂದರೆ ಕೇಳಲಿಲ್ಲ. ಕಿರುಬೆರಳನ್ನು ಹಿಡಿದು ಉಗುರಿನಿಂದ ಒತ್ತಿದರು.

"ಗೊತ್ತಾಗ್ತದಾ?"

"ಗೊತ್ತಾಗ್ತದೆ."

"ಇದು?"

"ಗೊತ್ತಾಗ್ತದೆ ದೊಡ್ಡಮ್ಮ."

ಒಂದೊಂದಾಗಿ ಎಲ್ಲ ಬೆರಳನ್ನೂ ಒತ್ತಿ ಕೇಳಿದರು. ಹೆಬ್ಬೆರಳನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ನಾನು ಅಯ್ಯೋ ಎಂದು ಕೂಗಿದೆ. ಆಗ ಅವರ ಮುಖ ಅರಳಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಹೆಗಲು ಹಿಡಿದು ಎದ್ದರು, ಗೇಟಿನ ಒಳಗೆ ಹೋಗಿ ಚಿಲಕ ಹಾಕಿದರು.

"ಒಳಗೆ ಬರುವುದು ಬೇಡ, ಬನ್ಸ್ ಉಂಟು" ಎಂದರು. "ಓಡು."